ಭಾನುವಾರದ ಮಜ್ಜಿಗೆ

ಪಾಪಿನಾಯಕನಹಳ್ಳಿಗೆ ಬಂದು ಗಾಳೆಮ್ಮನ ಮನೆ ಎಲ್ಲಿ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಲು ನಾಚಿಕೆ. ಭಾನುವಾರ ಹೊತ್ತು ಮೂಡುವ ಮುಂಚಿನ ಬಸ್ಸಿನಿಂದ ಇಳಿದು, ಕಾಲು ಅಗಲಿಸಿಕೊಂಡು ಮೆಲ್ಲಗೆ ನಡೆಯುವವರು ಯಾರಾದರೂ ಕಂಡರೆ ಅವರ ಹಿಂದೆ ಹೋದರಾಯಿತು, ನೇರವಾಗಿ ಅವಳ ಅಂಗಳಕ್ಕೇ ಮುಟ್ಟಿಸುತ್ತಾರೆ. ಸಂಡೂರಿನ ಲಾರಿ ಡ್ರೈವರು, ಕಂಪ್ಲಿಯ ಭತ್ತದ ದಲಾಲಿ, ಹೊಸಪೇಟೆಯ ನಿವೃತ್ತ ಮಾಸ್ತರು, ಎಲ್ಲರೂ ಅಲ್ಲಿ ಒಂದೇ ಸಾಲು. ಮೂಲವ್ಯಾಧಿ ಬಂದವನಿಗೆ ದೊಡ್ಡಸ್ತಿಕೆ ಎಲ್ಲಿಂದ ಬರಬೇಕು!

ಆ ಮನೆಯ ಔಷಧ ನಾಲ್ಕು ತಲೆಮಾರಿನದು. ಅತ್ತೆಯಿಂದ ಸೊಸೆಗೆ ಬರುವ ವಿದ್ಯೆ, ಹೊಟ್ಟೆಯ ಮಗಳಿಗೂ ಹೇಳುವಂತಿಲ್ಲ. ಗಾಳೆಮ್ಮನಿಗೆ ಹೇಳಿಕೊಟ್ಟವಳು ಅವಳ ಅತ್ತೆ ತಿಪ್ಪಕ್ಕ. ಅಮಾವಾಸ್ಯೆಗೆ ಗುಡ್ಡ ಹತ್ತಿ ಬೇರು ಅಗೆದು ತರಬೇಕು, ನೆರಳಲ್ಲಿ ಒಣಗಿಸಿ ಅರೆಯಬೇಕು, ಮನೆಯ ಎಮ್ಮೆಯ ಮಜ್ಜಿಗೆಯಲ್ಲೇ ಕದಡಿ ಕೊಡಬೇಕು. ಕಾಸು ಮುಟ್ಟುವಂತಿಲ್ಲ, ತೆಂಗಿನಕಾಯಿ, ಎಲೆ ಅಡಿಕೆ ಇಟ್ಟು ಹೋದರೆ ಸರಿ. ಕುಡಿಯುವವರಿಗೂ ಕಟ್ಟುಪಾಡು ಉಂಟು. ಮೂರು ಭಾನುವಾರ ಮೂಡಲಕ್ಕೆ ಮುಖ ಮಾಡಿ ಕುಡಿಯಬೇಕು. ನಲವತ್ತೊಂದು ದಿನ ಬದನೆಕಾಯಿ, ಕೋಳಿ ಮುಟ್ಟಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಆ ದಿನಗಳಲ್ಲಿ ದವಾಖಾನೆಯ ಸೂಜಿ, ಗುಳಿಗೆ ಮೈಗೆ ಸೋಕಬಾರದು. ಸೋಕಿದರೆ ಔಷಧ ಮುನಿಯುತ್ತದೆ ಎಂದು ತಿಪ್ಪಕ್ಕ ಹೇಳಿ ಸತ್ತಿದ್ದಳು.

ಅರೆದ ಬೇರಿನ ಹಸಿರು ಗಸಿ ಲೋಟದ ತಳದಲ್ಲಿ ಕೂರುತ್ತದೆ. ಜನ ಮೇಲಿನ ಮಜ್ಜಿಗೆ ಕುಡಿದು ಕಹಿಗೆ ಹೆದರಿ ತಳ ಬಿಡುತ್ತಾರೆ. ಅದಕ್ಕೇ ಗಾಳೆಮ್ಮ ಸಾಲಿನ ಉದ್ದಕ್ಕೂ ಒಂದೇ ಮಾತು ಹೇಳುತ್ತ ಓಡಾಡುತ್ತಿದ್ದಳು.

"ತಳ ಉಳಿಸಬ್ಯಾಡ್ರಿ. ಅಲ್ಲಾಡಿಸಿ ಕುಡೀರಿ. ತಳದಾಗ ಐತಿ ಗುಣ."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಈ ಮನೆಯಲ್ಲಿ ಆ ಗಾದೆ ತಿರುವುಮುರುವು. ಇಲ್ಲಿ ಹಿತ್ತಲ ಗಿಡವೊಂದೇ ಮದ್ದು, ಊರಿನ ಮಿಕ್ಕ ಮದ್ದೆಲ್ಲ ಸುಳ್ಳು. ಹಾಗಿರುವಾಗ ಗಾಳೆಮ್ಮನ ಮಗ ಹುಲುಗೇಶನಿಗೆ ರಕ್ತ ಬೀಳತೊಡಗಿದರೆ ಅವನು ಇನ್ನೆಲ್ಲಿಗೆ ಹೋದಾನು?

ಹುಲುಗೇಶನಿಗೆ ಮೂವತ್ನಾಲ್ಕು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ಕ್ರೇನ್ ನಡೆಸುತ್ತಿದ್ದ. ಮದುವೆಯಾಗಿ ಮೂರು ವರ್ಷ. ಹೆಂಡತಿ ರಮಾ ಹಂಪಿಯ ಕಡೆಯವಳು. ತಂಗಿ ಹೇಮಾಗೆ ಇಪ್ಪತ್ನಾಲ್ಕು, ಸಂಡೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ, ಅಲ್ಲೇ ರೂಮು. ಅಪ್ಪ ಪಂಪಣ್ಣ ಹೋಗಿ ಇಪ್ಪತ್ತು ವರ್ಷವಾಗಿತ್ತು. ಕಾಮಾಲೆಯಾಗಿ ಹೋದ ಎಂದು ಮಕ್ಕಳಿಗೂ ಗೊತ್ತು, ಊರಿಗೂ ಗೊತ್ತು.

"ಅವ್ವಾ, ಸಂಡಾಸಕ್ಕ ಹೋದ್ರ ರಗತ ಬೀಳಾಕತ್ತೈತಿ," ಎಂದು ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಹುಲುಗೇಶ ಒಲೆಯ ಮುಂದೆ ಕೂತು ಹೇಳಿದ.

"ಉಷ್ಣ ಆಗೈತಪ್ಪ. ದಿನಾ ಎಂಟು ತಾಸು ಬೆಂಕಿ ಮ್ಯಾಲೆ ಕುಂದ್ರತಿ. ಆಗದ ಇರ್ತೈತೇನು?"

ಮುಂದಿನ ಭಾನುವಾರ ಅವನೂ ಅಂಗಳಕ್ಕೆ ಬಂದು ಸಾಲಿನ ಮುಂದೆ ನಿಂತುಬಿಟ್ಟ.

"ಹಿಂದ ಹೋಗಲೇ," ಎಂದಳು ಗಾಳೆಮ್ಮ. "ಪಾಪ, ಅವ್ರು ಕಂಪ್ಲಿಯಿಂದ ಬಂದಾರ."

"ಮನಿ ಮಗಗ ರಿಜರ್ವೇಶನ್ ಇಲ್ಲೇನವ್ವಾ?"

ಸಾಲಿಗೆ ಸಾಲೇ ನಕ್ಕಿತು. ಗಾಳೆಮ್ಮನಿಗೂ ನಗು ಬಂತು. ಮಗ ತಳ ಅಲ್ಲಾಡಿಸಿ, ಕಣ್ಣು ಮುಚ್ಚಿ, ಕೊನೆಯ ಹನಿಯವರೆಗೂ ಕುಡಿದು ಲೋಟ ಬೋರಲು ಹಾಕಿ ತೋರಿಸಿದ. ಆ ನಗುವನ್ನು ಅವಳು ಆಮೇಲೆ ಎಷ್ಟು ಸಲ ನೆನೆಸಿಕೊಂಡಳೋ ಲೆಕ್ಕವಿಲ್ಲ.

ಮೂರು ಭಾನುವಾರಕ್ಕೆ ರಕ್ತ ನಿಂತಂತಾಯಿತು. ತಿಂಗಳಿಗೆ ಮತ್ತೆ ಶುರು. ಎರಡನೆಯ ಸುತ್ತು ಕೊಟ್ಟಳು. ಮೂರನೆಯದನ್ನೂ ಕೊಟ್ಟಳು. ಮಗ ಎರಡು ರೊಟ್ಟಿ ಬಿಟ್ಟು ಒಂದಕ್ಕೆ ಬಂದ, ಆಮೇಲೆ ಅರ್ಧಕ್ಕೆ ಬಂದ. ಮೊಳೆ ಕಾಯಿಸಿ ಬೆಲ್ಟಿಗೆ ಮೂರು ಹೊಸ ತೂತು ಮಾಡಿಕೊಂಡ. ರಮಾ ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅತ್ತೆಯನ್ನು ಕರೆದಳು.

"ಅತ್ತಿ, ಇಲ್ನೋಡ್ರಿ. ಇದು ಅದಿರಿನ ಧೂಳಲ್ಲ."

"ನಮ್ಮೂರಾಗ ಯಾರ ಬಟ್ಟಿ ಕೆಂಪಿಲ್ಲ ಹೇಳು? ಲಾರಿ ಓಡಾಡಿ ಓಡಾಡಿ ತುಳಸಿ ಗಿಡನೂ ಕೆಂಪಗಾಗೈತಿ."

"ಧೂಳು ನೀರಾಗ ಬಿಡ್ತೈತಿ. ಇದು ಬಿಡವಲ್ದು."

"ಬಿಸಿನೀರು ಹಾಕಿದ್ದೀಯೇನು? ರಗತಕ್ಕ ತಣ್ಣೀರು ಹಾಕಬೇಕು," ಅಂದುಬಿಟ್ಟಳು ಗಾಳೆಮ್ಮ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಧೂಳು ಎಂದವಳೂ ಅವಳೇ, ರಕ್ತ ಎಂದವಳೂ ಅವಳೇ. ರಮಾ ಬಕೆಟ್ಟು ಎತ್ತಿಕೊಂಡು ಹೋದಳು.

ದಸರೆಯ ರಜೆಗೆ ಬಂದ ಹೇಮಾ ಚಪ್ಪಲಿ ಬಿಡುವುದಕ್ಕೂ ಮುಂಚೆ ಅಣ್ಣನ ಕಣ್ಣರೆಪ್ಪೆ ಕೆಳಗೆಳೆದು ನೋಡಿದಳು.

"ಕಣ್ಣಾಗ ರಗತನ ಇಲ್ಲಲ್ಲೋ ಅಣ್ಣಾ! ನಾಳೆನ ಹೊಸಪ್ಯಾಟಿಗೆ ಹೋಗೂಣು ನಡಿ."

"ಪಥ್ಯ ಇನ್ನ ಹನ್ನೆರಡು ದಿನ ಐತಿ," ಎಂದಳು ಗಾಳೆಮ್ಮ. "ನಡುವ ಸೂಜಿ ಚುಚ್ಚಿಸಿದ್ರ ಕುಡಿದಿದ್ದೆಲ್ಲ ನೀರಾಗ ಹೋಮ."

"ಎಂಟು ತಿಂಗಳಾತು ನೀ ಕುಡಿಸಾಕತ್ತು. ಮೂಲವ್ಯಾಧಿಗೆ ಹನ್ನೊಂದು ಕಿಲೋ ತೂಕ ಇಳಿತೈತೇನವ್ವಾ?"

"ಎರಡು ಅಕ್ಷರ ಕಲ್ತು ನನಗ ಹೇಳಾಕ ಬಂದ್ಯಾ? ನಿಮ್ಮ ಡಾಕ್ಟರು ಕೊಯ್ದು ಕಳಿಸಿದೋರು ನನ್ನ ಅಂಗಳಕ್ಕ ಬಂದು ನಿಲ್ತಾರ."

"ನಿನ್ನ ಅಂಗಳದಿಂದ ಹೋದೋರು ಎಲ್ಲಿಗೆ ಹೋಗ್ತಾರ, ನೋಡೀಯೇನು?"

"ಸಾಕು ಬಿಡ್ರಿ ಇಬ್ಬರೂ," ಎಂದ ಹುಲುಗೇಶ, ತಟ್ಟೆ ದೂರ ಸರಿಸುತ್ತ. "ಅವ್ವ ಹೇಳಿದಂಗ ಆಗ್ಲಿ. ಹನ್ನೆರಡು ದಿನ ತಾನ?"

ಹನ್ನೆರಡು ದಿನ ತುಂಬಲಿಲ್ಲ. ಒಂಬತ್ತನೆಯ ದಿನ ಕ್ರೇನಿನ ಏಣಿ ಹತ್ತುವಾಗ ಕಣ್ಣು ಕತ್ತಲೆ ಬಂದು ಕೆಳಗೆ ಜಾರಿದ. ಪುಣ್ಯಕ್ಕೆ ನಾಲ್ಕೇ ಮೆಟ್ಟಿಲು. ಜೊತೆಯವರು ಹೊಸಪೇಟೆಗೆ ಕರೆದೊಯ್ದರು.

ಅಲ್ಲಿಯ ಡಾಕ್ಟರಮ್ಮ ಎರಡೇ ನಿಮಿಷ ಬೆರಳಲ್ಲಿ ನೋಡಿ, ಕೈ ತೊಳೆದುಕೊಂಡು ಬಂದು, ಕ್ಯಾಮೆರಾ ಪರೀಕ್ಷೆಗೆ ಬರೆದುಕೊಟ್ಟಳು. ಎಂಟು ತಿಂಗಳಲ್ಲಿ ಯಾರೂ ಮಾಡದಿದ್ದ ಎರಡು ನಿಮಿಷದ ಕೆಲಸ. ಹತ್ತು ದಿನದ ಮೇಲೆ ಪರೀಕ್ಷೆಯ ಕಾಗದ ಬಂತು. ಮಗ, ಸೊಸೆ, ಹೇಮಾ, ಗಾಳೆಮ್ಮ, ನಾಲ್ವರೂ ಅವಳ ಮುಂದೆ ಕೂತಿದ್ದರು.

"ಇದು ಮೂಲವ್ಯಾಧಿ ಅಲ್ಲ. ದೊಡ್ಡ ಕರುಳಿನ ಕೊನೆಯಲ್ಲಿ ಕ್ಯಾನ್ಸರ್ ಗಂಟು. ಲಿವರಿಗೆ ಹೋಗಿಲ್ಲ, ಅದು ಒಳ್ಳೆಯದು. ಹುಬ್ಬಳ್ಳಿಗೆ ಬರೆದು ಕೊಡ್ತೀನಿ. ಮೊದಲು ಕರೆಂಟ್, ಅಂದ್ರೆ ರೇಡಿಯೇಶನ್ ಕೊಡ್ತಾರೆ, ಆಮೇಲೆ ಆಪರೇಶನ್. ಗುಣ ಆಗೋ ಸಾಧ್ಯತೆ ಇದೆ. ಮೊದಲೇ ಬಂದಿದ್ರೆ ಇನ್ನೂ ಸುಲಭ ಆಗ್ತಿತ್ತು."

ಡಾಕ್ಟರಮ್ಮ ಪೆನ್ನು ತೆಗೆದು ಕೇಳಿದಳು.

"ಇಷ್ಟು ಸಣ್ಣ ವಯಸ್ಸಿಗೆ ಬಂದಿದೆ, ಅದಕ್ಕೆ ಕೇಳ್ತಿದ್ದೀನಿ. ಮನೆಯಲ್ಲಿ ಅಪ್ಪ, ಅಜ್ಜ, ಯಾರಿಗಾದ್ರೂ ಹೀಗೆ ರಕ್ತ ಹೋಗಿ, ತೂಕ ಇಳಿದು ತೀರಿಕೊಂಡದ್ದು ಇದೆಯಾ?"

"ಇಲ್ರಿ. ನಮ್ಮಪ್ಪ ಕಾಮಾಲಿಯಾಗಿ ಹೋದ," ಎಂದ ಹುಲುಗೇಶ.

"ಹಾಗಾದ್ರೆ ಸರಿ. ಇದ್ದಿದ್ರೆ ತಂಗಿಗೂ ಈಗಲೇ ಕ್ಯಾಮೆರಾ ಹಾಕಿ ನೋಡಬೇಕಾಗಿತ್ತು," ಎಂದು ಡಾಕ್ಟರಮ್ಮ ಕಾಗದದ ಮೇಲೆ ಒಂದು ಗೀಟು ಎಳೆದಳು.

ಗಾಳೆಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದಳು.

ಈಗ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಕಥೆ ಹೇಳುವ ಚಾಳಿ ನನಗಿಲ್ಲ. ಪಂಪಣ್ಣ ಕಾಮಾಲೆಗೆ ಸತ್ತಿರಲಿಲ್ಲ. ಮೂವತ್ತೊಂಬತ್ತಕ್ಕೆ ಅವನಿಗೂ ಹೀಗೇ, ಮಕ್ಕಳ ಕಣ್ಣಿಗೆ ಬೀಳದಂತೆ, ರಕ್ತ ಹೋಗಿತ್ತು. ಹೆತ್ತ ತಾಯಿ ತಿಪ್ಪಕ್ಕ ಹೀಗೇ ಭಾನುವಾರದ ಮಜ್ಜಿಗೆ ಕುಡಿಸಿದ್ದಳು. ಒಂದೇ ವರ್ಷದಲ್ಲಿ ಎಲುಬು ಎಣಿಸುವಂತಾಗಿ, ಕೊನೆಯ ಹದಿನೈದು ದಿನ ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿತ್ತು. ಆ ಹಳದಿಯೇ ತಿಪ್ಪಕ್ಕನ ಕೈಗೆ ಸಿಕ್ಕ ಹುಲ್ಲುಕಡ್ಡಿ. ಹೆಣ ಎತ್ತುವ ಮುಂಚೆ ಸೊಸೆಯನ್ನು ಅಡುಗೆ ಮನೆಗೆ ಎಳೆದೊಯ್ದು ಹೇಳಿದ್ದಳು: "ಮೂಲವ್ಯಾಧಿ ಔಷಧದ ಮನ್ಯಾಗ ಮನಿ ಗಂಡಸ ಮೂಲವ್ಯಾಧಿಗೆ ಸತ್ತ ಅಂದ್ರ ಊರು ಮುಖಕ್ಕ ಉಗೀತೈತಿ. ಕಾಮಾಲಿ ಅನ್ನು. ಸುಳ್ಳೇನಲ್ಲ, ಕಣ್ಣು ನೋಡೀಯಲ್ಲ." ಗಾಳೆಮ್ಮ ಕಾಮಾಲಿ ಎಂದಳು. ಇಪ್ಪತ್ತು ವರ್ಷ ಹಾಗೇ ಹೇಳಿ ಹೇಳಿ ಅವಳಿಗೇ ನಂಬಿಕೆ ಬಂದಿತ್ತು.

ಹುಬ್ಬಳ್ಳಿಯಿಂದ ತಾರೀಕು ಬರಲು ಮೂರು ವಾರ ಎಂದರು. ಇ.ಎಸ್.ಐ. ಕಾಗದಕ್ಕೆ ಗುತ್ತಿಗೆದಾರನ ಸಹಿ ಬೇಕು, ಇನ್ನೊಂದು ಸ್ಕ್ಯಾನ್ ಬೇಕು. ಆ ಮೂರು ವಾರ ಆ ಮನೆಯಲ್ಲಿ ಅಡುಗೆ ಎರಡಾಯಿತು. ಯಾರೂ ಜಗಳ ಮಾಡಿ ಒಲೆ ಬೇರೆ ಮಾಡಲಿಲ್ಲ. ಮಗನಿಗೆಂದು ಗಾಳೆಮ್ಮ ಗಂಜಿ ಇಟ್ಟರೆ ರಮಾ ಮೆಲ್ಲಗೆ ಪಾತ್ರೆ ಇಳಿಸಿ ಪಕ್ಕಕ್ಕಿಡುತ್ತಿದ್ದಳು.

"ಅತ್ತಿ, ಅವರಿಗೆ ನಾನ ಮಾಡ್ತೀನಿ ಬಿಡ್ರಿ."

"ನಾ ಮಾಡಿದ್ರ ಏನಾತು? ನನ್ನ ಕೈ ಏನು ಸುಟ್ಟೈತೇನು?"

"ಹಂಗಲ್ರಿ. ಡಾಕ್ಟ್ರು ಹೇಳ್ಯಾರ, ಮೆತ್ತಗ ಮಾಡಬೇಕು ಅಂತ."

ಗಂಜಿಗಿಂತ ಮೆತ್ತಗೆ ಇನ್ನೇನು ಮಾಡುತ್ತಾಳೋ! ಗಾಳೆಮ್ಮನಿಗೆ ತಿಳಿಯುತ್ತಿತ್ತು. ಮಗ ಸಿಟ್ಟು ಮಾಡಿ ಬೈದಿದ್ದರೆ ಎಷ್ಟೋ ಮೇಲಿತ್ತು. ಅವನು ಬೈಯಲಿಲ್ಲ. ಮಜ್ಜಿಗೆ ಬಿಟ್ಟ, ಅಷ್ಟೆ. ಹುಟ್ಟಿದಾಗಿನಿಂದ ಮಜ್ಜಿಗೆ ಇಲ್ಲದೆ ಊಟದಿಂದ ಏಳದ ಹುಡುಗ, ಈಗ ಅವ್ವ ಲೋಟ ಹಿಡಿದು ಬಂದರೆ ಮುಖ ಗೋಡೆಗೆ ತಿರುಗಿಸಿ "ಬ್ಯಾಡ" ಎನ್ನುತ್ತಿದ್ದ. ಎಮ್ಮೆ ಮಾತ್ರ ಏನೂ ತಿಳಿಯದೆ ಎರಡು ಹೊತ್ತೂ ಹಾಲು ಕೊಡುತ್ತಿತ್ತು. ಕಡೆದ ಮಜ್ಜಿಗೆಯನ್ನು ಅವಳು ಪಕ್ಕದ ಮನೆಯ ಕೊಟ್ರಬಸಮ್ಮನಿಗೆ ಹಾಕಿ ಬರುತ್ತಿದ್ದಳು.

ಭಾನುವಾರದ ಸಾಲು ನಿಲ್ಲಲಿಲ್ಲ. ಮಗನ ಸುದ್ದಿ ಊರಾಚೆ ಹೋಗಿರಲಿಲ್ಲ. ಮೊದಲ ಭಾನುವಾರ ಅವಳು ಎಂದಿನಂತೆ ಕೊಟ್ಟಳು, ಆದರೆ "ತಳ ಉಳಿಸಬ್ಯಾಡ್ರಿ" ಎನ್ನುತ್ತ ಸಾಲಿನ ಉದ್ದಕ್ಕೂ ಓಡಾಡಲಿಲ್ಲ. ಎರಡನೆಯ ಭಾನುವಾರ ಮೈಗೆ ಸರಿಯಿಲ್ಲ ಎಂದು ಬಾಗಿಲು ಹಾಕಿಕೊಂಡಳು.

"ಅಂಗಳದಾಗ ಹನ್ನೊಂದು ಮಂದಿ ನಿಂತಾರಲ್ಲೇ," ಎಂದು ಕೊಟ್ರಬಸಮ್ಮ ಹಿತ್ತಲಿಂದ ಬಂದಳು. ಪಂಪಣ್ಣನ ಹೆಣಕ್ಕೆ ನೀರು ಹಾಕಿದವಳು ಅವಳು, ಮನೆಯ ಗುಟ್ಟು ತಿಳಿದ ಒಂದೇ ಒಂದು ಜೀವ. ಗಾಳೆಮ್ಮ ಅವಳ ಮುಂದೆ ಗಳಗಳ ಅತ್ತಳು.

"ಹೇಳಿಬಿಡಲೇನೇ ಕೊಟ್ರಿ?"

"ಹುಚ್ಚು ಹಿಡಿದೈತೇನು ನಿನಗ? ಗೊತ್ತಿದ್ದೂ ಕುಡಿಸಿದಿ ಅಂತ ಮಗ ಮುಖ ನೋಡಂಗಿಲ್ಲ. ಹೇಮಾನ್ನ ಯಾರು ಮಾಡ್ಕೊಂತಾರ, ಅಪ್ಪಗ ಕ್ಯಾನ್ಸರ್, ಅಣ್ಣಗ ಕ್ಯಾನ್ಸರ್ ಅಂದ್ರ? ಸತ್ತೋನು ಸತ್ತ. ಬಾಯಿ ಮುಚ್ಚಿಕೊಂಡು ಇರು."

ಬಾಯಿ ಮುಚ್ಚಿಕೊಂಡಿರುವುದು ಗಾಳೆಮ್ಮನಿಗೆ ಹೊಸದಲ್ಲ. ಇನ್ನಷ್ಟು ದಿನ ಇರುತ್ತಿದ್ದಳೋ ಏನೋ. ಆದರೆ ಮೂರನೆಯ ವಾರ ಹೇಮಾ ಬಂದಳು. ಅಣ್ಣ ಮರುದಿನ ಹುಬ್ಬಳ್ಳಿಗೆ ಹೊರಡುವವನಿದ್ದ. ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದರು. ಮಗನಿಗೆ ರಮಾ ಮಾಡಿದ ಮೆತ್ತನೆಯ ಅನ್ನ, ಮಿಕ್ಕವರಿಗೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ಗಾಳೆಮ್ಮ ರೊಟ್ಟಿ ಬಡಿಯುತ್ತಿದ್ದಳು.

"ನೀನೂ ಯಾಕೋ ಬಿಳಿಚಿಕೊಂಡೀಯಲ್ಲ," ಎಂದಳು ರಮಾ ನಾದಿನಿಗೆ.

"ಹೂಂ ಅತ್ತಿಗಿ. ಮೆಟ್ಟಿಲು ಹತ್ತಿದ್ರ ತೇಕು ಬರಾಕತ್ತೈತಿ. ಮೊನ್ನೆ ಲ್ಯಾಬಿನಾಗ ನನ್ನ ರಗತ ನಾನ ತಗದು ನೋಡಿದೆ. ಹಿಮೋಗ್ಲೋಬಿನ್ ಎಂಟು ಐತಿ, ಹನ್ನೆರಡರ ಮ್ಯಾಲೆ ಇರಬೇಕು. ಹೆಣ್ಮಕ್ಕಳಿಗೆ ಇದ್ದದ್ದ. ಕಬ್ಬಿಣದ ಗುಳಿಗಿ ತಗೊಳ್ಳಾಕತ್ತೀನಿ."

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಹೊಟ್ಟಿ ನೋಯ್ತೈತೇನು?" ಎಂದಳು ಗಾಳೆಮ್ಮ.

"ಒಮ್ಮೊಮ್ಮಿ ಹಿಂಡಿದಂಗ ಆಕ್ಕೈತಿ. ಖಾನಾವಳಿ ಊಟ ಉಂಡ ಹೊಟ್ಟಿ ಅಲ್ಲೇನು ಇದು! ಯಾಕ, ನನಗೂ ಮಜ್ಜಿಗಿ ಕದಡ್ತೀಯೇನು?" ಎಂದು ಹೇಮಾ ನಕ್ಕಳು. ಮಿಕ್ಕ ಯಾರೂ ನಗಲಿಲ್ಲ.

ಬಾಯಿ ಬಿಟ್ಟರೆ ಮಗ ಹೋಗುತ್ತಾನೆ. ಬಿಡದಿದ್ದರೆ ಮಗಳು. ಗಾಳೆಮ್ಮನಿಗೆ ಇಷ್ಟು ಸ್ಪಷ್ಟವಾಗಿ ಬದುಕಿನಲ್ಲಿ ಯಾವುದೂ ಕಂಡಿರಲಿಲ್ಲ. ಹಂಚಿನ ಮೇಲೆ ರೊಟ್ಟಿ ಸೀದು ಹೊಗೆಯಾಡತೊಡಗಿತು.

"ನಿಮ್ಮಪ್ಪ ಕಾಮಾಲಿಗೆ ಹೋಗಿಲ್ಲ," ಎಂದಳು.

"ಏನಂದಿ?" ಹೇಮಾ ತಲೆ ಎತ್ತಿದಳು.

"ಆತಗೂ ರಗತ ಬೀಳ್ತಿತ್ತು. ಒಂದು ವರ್ಷ. ಹಿಂಗ ಒಣಗಿ ಹೋದ. ಕಣ್ಣು ಹಳದಿ ಆಗಿದ್ದು ಕಡೀಗೆ. ನಿಮ್ಮಜ್ಜಿ ಕಾಮಾಲಿ ಅನ್ನು ಅಂದ್ಲು, ಅಂದೆ. ಡಾಕ್ಟರಮ್ಮ ಕೇಳಿದಾಗ ನಾ ಅಲ್ಲೇ ಕುಂತಿದ್ದೆ. ಹೇಳಲಿಲ್ಲ. ನೀ ನಾಳೆನ ಹೋಗವ್ವಾ, ಆ ಕ್ಯಾಮೆರಾ ಹಾಕಿಸಿಕೋ. ನಿನ್ನ ಕಾಲು ಬೀಳ್ತೀನಿ."

ರಮಾ ಬಾಯಿಗೆ ಸೆರಗು ಹಿಡಿದಳು. ಹೇಮಾ ಅಣ್ಣನ ಮುಖ ನೋಡಿದಳು. ಹುಲುಗೇಶ ತಟ್ಟೆಯಲ್ಲೇ ಕೈ ತೊಳೆದುಕೊಂಡ, ಅರ್ಧ ಅನ್ನದ ಮೇಲೆ ನೀರು ಬಿತ್ತು.

"ಎಂಟು ತಿಂಗಳು ನನಗೂ ಅದನ್ನ ಕುಡಿಸಿದಿ," ಎಂದ. ದನಿ ಏರಲಿಲ್ಲ. "ಗೊತ್ತಿದ್ದು ಕುಡಿಸಿದ್ಯಾ?"

"ಗೊತ್ತಿದ್ದಿಲ್ಲಪ್ಪಾ..."

"ಅಪ್ಪಗ ಹಂಗ ಆಗಿದ್ದು ಕಣ್ಣಾರೆ ನೋಡಿದ್ದಿ."

"ಗೊತ್ತಿತ್ತು," ಎಂದಳು ಗಾಳೆಮ್ಮ. "ಗೊತ್ತು ಅಂತ ನನಗ ಗೊತ್ತಾಗಬಾರ್ದು ಅಂತ ಇದ್ದೆ. ಔಷಧ ಕೆಲಸ ಮಾಡ್ತೈತಿ ಅಂತ ನಂಬಿದ್ದೆಪ್ಪಾ. ನಂಬದಿದ್ರ ನಿಮ್ಮಪ್ಪನ್ನ ನಾವ ಕೊಂದಂಗ ಆಗ್ತಿತ್ತು."

ಹುಲುಗೇಶ ಗೋಡೆ ಹಿಡಿದು ಎದ್ದು ನಿಂತ.

"ರಮಾ, ಚೀಲ ಕಟ್ಟು. ನಿಮ್ಮಣ್ಣಗ ಫೋನ್ ಹಚ್ಚು, ಆಟೋ ತರಲಿ. ಹುಬ್ಬಳ್ಳಿಗೆ ನಿಮ್ಮ ಮನಿಯಿಂದನ ಹೋಗೂಣು."

"ಈಗ ಬ್ಯಾಡ್ರಿ, ಬಿಸಿಲೈತಿ..."

"ಕಟ್ಟು ಅಂದೆ."

ಸಂಜೆಯೊಳಗೆ ಆಟೋ ಬಂತು. ಹೇಮಾ ಕೂಡ ಅದೇ ಆಟೋದಲ್ಲಿ ಹೊಸಪೇಟೆಯವರೆಗೆ ಹೋದಳು. ಹತ್ತುವ ಮುಂಚೆ ಅವ್ವನ ಹತ್ತಿರ ಬಂದು ನಿಂತಳು, ಮತ್ತೆ ಹೋಗಿ ಆಟೋ ಹತ್ತಿದಳು. ಗಾಳೆಮ್ಮ ಆಟೋ ಊರಬಾಗಿಲು ದಾಟುವವರೆಗೂ ನಿಂತು ನೋಡಿದಳು. ಒಳಗೆ ಬಂದರೆ ಮೂರು ತಟ್ಟೆ ಹಾಗೆಯೇ ಬಿದ್ದಿದ್ದವು. ತೊಳೆದಿಟ್ಟಳು.

ಆಮೇಲಿನ ದಿನಗಳ ಬಗ್ಗೆ ಏನು ಹೇಳಲಿ? ಒಬ್ಬಳಿಗೆ ಒಂದು ರೊಟ್ಟಿಯ ಹಿಟ್ಟು ಕಲಸುವುದು ಎಷ್ಟು ಕಷ್ಟ ಎಂದು ಕಲಸಿದವರಿಗೇ ಗೊತ್ತು. ಕೈ ನಾಲ್ಕು ಜನಕ್ಕೆ ಅಳೆಯುತ್ತದೆ. ಮೊದಲ ವಾರ ದಿನಾ ಮೂರು ರೊಟ್ಟಿ ಎಮ್ಮೆಗೆ ಹೋಯಿತು. ಅವಳು ಎಮ್ಮೆಯ ಜೊತೆ ಮಾತಾಡತೊಡಗಿದಳು. "ಇವತ್ತು ಕರೆಂಟ್ ಕೊಡೋದು ಎಂಟನೇ ದಿನ," ಎಂದು ಅದಕ್ಕೆ ಹೇಳುತ್ತಿದ್ದಳು. ಲೆಕ್ಕ ಸರಿಯೋ ತಪ್ಪೋ ಹೇಳುವವರಿರಲಿಲ್ಲ. ಮಗನಿಗೆ ಫೋನು ಮಾಡಿದರೆ ರಮಾ ಎತ್ತುತ್ತಿದ್ದಳು.

"ಮಲಗ್ಯಾರ ಅತ್ತಿ."

"ಉಂಡಾನೇನು?"

"ಉಂಡಾರ್ರಿ."

"ನಾ ಬರ್ಲೇನು?"

"ಬ್ಯಾಡ್ರಿ. ಅವ್ರು... ಈಗ ಬ್ಯಾಡ್ರಿ."

ಹಗಲು ಹನ್ನೆರಡಕ್ಕೂ ಮಲಗಿದ್ದಾನೆ, ಸಂಜೆ ಆರಕ್ಕೂ ಮಲಗಿದ್ದಾನೆ. ಹೆತ್ತವಳಿಗೆ ತಿಳಿಯದೇನು? ಆದರೂ ಮರುದಿನ ಮತ್ತೆ ಮಾಡುತ್ತಿದ್ದಳು, "ಉಂಡಾರ್ರಿ" ಎನ್ನುವ ಒಂದು ಮಾತಿಗೆ.

ಒಂದು ಮಂಗಳವಾರ ಹೇಮಾನ ಫೋನು ಬಂತು. ಕ್ಯಾಮೆರಾ ಹಾಕಿದ್ದರಂತೆ. ಒಳಗೆ ಒಂದು ಗಂಟು ಇತ್ತಂತೆ, ನೆಲ್ಲಿಕಾಯಿಯಷ್ಟು. ಒಳಗಿಂದೊಳಗೇ ಕತ್ತರಿಸಿ ತೆಗೆದರಂತೆ.

"ಕೆಟ್ಟ ಗಂಟೇನು?" ಗಾಳೆಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಇಲ್ಲ. ಇನ್ನ ಕೆಟ್ಟಿದ್ದಿಲ್ಲ. ಒಂದೆರಡು ವರ್ಷ ಬಿಟ್ಟಿದ್ರ ಕೆಡ್ತಿತ್ತು ಅಂದ್ರು. ಇನ್ನು ವರ್ಷಕ್ಕೊಮ್ಮಿ ನೋಡಿಸಬೇಕು."

"ನಮ್ಮ ಗುಡ್ಡದ ಸ್ವಾಮಿ ಕಾಯ್ದ, ತಾಯಿ."

"ಸ್ವಾಮಿ ಅಲ್ಲ, ನೀ ಹೇಳಿದ್ದಿ ಅದಕ್ಕ," ಎಂದಳು ಹೇಮಾ. ಆಮೇಲೆ ಅಂದಳು, "ಇನ್ನ ಎಂಟು ತಿಂಗಳು ಮೊದಲ ಹೇಳಿದ್ರ ಅಣ್ಣನೂ..." ಫೋನು ಇಟ್ಟಳೋ, ಕಟ್ಟಾಯಿತೋ ತಿಳಿಯಲಿಲ್ಲ.

ಆ ಭಾನುವಾರ ಗಾಳೆಮ್ಮ ಬಾಗಿಲು ತೆರೆದಳು. ಆರು ಮಂದಿ ಬಂದಿದ್ದರು. ಮುಂದೆ ನಿಂತವನು ಕಂಪ್ಲಿಯ ಜಂಬುನಾಥ್ ಎಂಬವನು, ಇಪ್ಪತ್ತೆಂಟು ಇದ್ದೀತು, ಮೊಬೈಲ್ ಅಂಗಡಿಯವನು, ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಕತ್ತಲಲ್ಲೇ ಹೊರಟು ಬಂದಿದ್ದ. ಗಾಳೆಮ್ಮನ ಕೈಯಲ್ಲಿ ಲೋಟ ಇರಲಿಲ್ಲ.

"ನಾ ಔಷಧ ಕೊಡೋದು ಬಿಟ್ಟೀನಿ. ಎಲ್ಲರೂ ಮೊದಲ ಡಾಕ್ಟರಿಗೆ ತೋರಿಸ್ರಿ. ಬೆರಳು ಹಾಕಿ ನೋಡ್ತಾರ, ನಾಚಿಕಿ ಪಡಬ್ಯಾಡ್ರಿ."

"ಅಷ್ಟು ದೂರದಿಂದ ಬಂದೀವಮ್ಮಾ," ಎಂದ ಜಂಬುನಾಥ್. "ಎಲ್ಲೆಲ್ಲಿ ರೊಕ್ಕ ಸುರಿಯೋದು? ನಿಮ್ಮ ಔಷಧಕ್ಕ ಹೋಗ್ತೈತಿ ಅಂತ ನಮ್ಮ ಮಾವ ಹೇಳ್ಯಾನ."

"ನಿಮ್ಮ ಮಾವಂದು ಮೂಲವ್ಯಾಧಿ ಇರಬೇಕು, ಹೋತು. ನಮ್ಮ ಮನಿಯವರದು ಅದಾಗಿದ್ದಿಲ್ಲ, ಸತ್ತರು. ನನ್ನ ಮಗಂದೂ ಅಲ್ಲ, ಹುಬ್ಬಳ್ಳ್ಯಾಗ ಮಲಗ್ಯಾನ. ಎರಡೂ ರಗತನ ಬೀಳ್ತೈತಿ. ಯಾವುದು ಯಾವುದು ಅಂತ ಈ ಮಜ್ಜಿಗಿಗೆ ಗೊತ್ತಾಗಂಗಿಲ್ಲ."

ಸಾಲು ಗುಜುಗುಜು ಎಂದಿತು. "ಕೈಗುಣ ಹೋಗೈತಿ, ಅದಕ್ಕ ನೆಪ," ಎಂದ ಒಬ್ಬ. "ಹಗರಿ ಹೊಳಿ ದಂಡ್ಯಾಗ ಇನ್ನೊಬ್ಬಾಕಿ ಕೊಡ್ತಾಳಂತ, ಅಲ್ಲಿಗೆ ಹೋಗೂಣು," ಎಂದ ಇನ್ನೊಬ್ಬ. ತಂದ ತೆಂಗಿನಕಾಯಿಯನ್ನೂ ಎತ್ತಿಕೊಂಡು ಹೊರಟರು. ಜಂಬುನಾಥ್ ಬೈಕು ಚಾಲೂ ಮಾಡಿದ. ಅವನ ಹೆಂಡತಿ ಮಾತ್ರ ಇಳಿದು ಹಿಂದಕ್ಕೆ ಬಂದು, "ಯಾವ ಡಾಕ್ಟರಮ್ಮ ರೀ?" ಎಂದು ಕೇಳಿ ಹೆಸರನ್ನು ಫೋನಿನಲ್ಲಿ ಬರೆದುಕೊಂಡಳು. ಹೋದಳೋ ಇಲ್ಲವೋ, ಯಾರು ಬಲ್ಲರು.

ಅಲ್ಲಿಂದ ಭಾನುವಾರವೂ ಅಂಗಳ ಖಾಲಿಯಾಯಿತು. ಕೊಟ್ರಬಸಮ್ಮ ಹದಿನೈದು ದಿನ ಮಾತು ಬಿಟ್ಟಳು. ಅಮಾವಾಸ್ಯೆ ಬಂತು, ಹೋಯಿತು. ಗುಡ್ಡದಲ್ಲಿ ಬೇರು ಹಾಗೇ ಬೆಳೆದಿರಬೇಕು.

ಮಾಘ ಮುಗಿದು ಬಿಸಿಲು ಏರುವ ಹೊತ್ತಿಗೆ ಹುಲುಗೇಶನ ಆಪರೇಶನ್ ಆಗಿ ಒಂದು ತಿಂಗಳಾಗಿತ್ತು. ಹಂಪಿಯ ಹತ್ತಿರ ರಮಾಳ ಅಣ್ಣನ ಮನೆಯಲ್ಲಿದ್ದ. ಒಂದು ಮಧ್ಯಾಹ್ನ ಹೇಳದೆ ಕೇಳದೆ ಆಟೋ ಬಂದು ಅಂಗಳದಲ್ಲಿ ನಿಂತಿತು. ಇ.ಎಸ್.ಐ.ಗೆ ಹಳೆಯ ಸಂಬಳದ ಚೀಟಿಗಳು ಬೇಕಾಗಿದ್ದವಂತೆ. ರಮಾ ಒಳಗೆ ಹೋಗಿ ಟ್ರಂಕು ಹುಡುಕತೊಡಗಿದಳು. ಹುಲುಗೇಶ ಆಟೋ ಇಳಿದು ಮೆಲ್ಲಗೆ ಬಂದು ಕಟ್ಟೆಯ ಮೇಲೆ ಕೂತ. ಅಂಗಿಯ ಕೆಳಗೆ, ಮಲ ಇಳಿಯಲೆಂದು ಹೊಟ್ಟೆಗೆ ಕಟ್ಟಿದ ಚೀಲ ಉಬ್ಬಿ ಕಾಣುತ್ತಿತ್ತು. ಅದರ ಮೇಲೆ ಕೈ ಅಡ್ಡ ಹಿಡಿದುಕೊಂಡಿದ್ದ. ತಲೆಗೂದಲು ತೆಳ್ಳಗಾಗಿತ್ತು. ಗಾಳೆಮ್ಮನಿಗೆ ಓಡಿ ಹೋಗಿ ಅಪ್ಪಿಕೊಳ್ಳಬೇಕೆನಿಸಿತು, ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಇದು ಆರು ತಿಂಗಳಿಗೆ ತೆಗೀತಾರಂತ," ಎಂದ ಅವನು ಚೀಲದ ಕಡೆ ಕಣ್ಣು ಮಾಡಿ. ನಾಲ್ಕು ತಿಂಗಳಲ್ಲಿ ಅವನು ಅವಳಿಗೆ ಆಡಿದ ಮೊದಲ ಮಾತು ಅದು.

"ತೆಗೀಲಪ್ಪ."

"ಎಮ್ಮಿ ಹಿಂಡಾಕತ್ತೈತೇನು?"

"ಹೂಂ. ಎರಡು ಹೊತ್ತೂ."

ಅವನು ಬೆವರು ಒರೆಸಿಕೊಂಡ. ಆಟೋದ ಕಡೆ ನೋಡಿದ, ನೆಲ ನೋಡಿದ.

"ಬಿಸಿಲು ಭಾಳ ಐತಿ. ಮಜ್ಜಿಗಿ ಇದ್ರ ಕೊಡು."

ಗಾಳೆಮ್ಮ ಅಡುಗೆ ಮನೆಗೆ ಹೋದಳು. ಲೋಟವನ್ನು ಬೂದಿ ಹಾಕಿ ತಿಕ್ಕಿದಳು, ಮತ್ತೆ ತಿಕ್ಕಿದಳು. ಗಡಿಗೆಯಿಂದ ಬಗ್ಗಿಸುವಾಗ ಅರ್ಧ ಒಲೆಯ ಕಟ್ಟೆಗೆ ಚೆಲ್ಲಿತು. ತಂದು ಅವನ ಮುಂದೆ ಹಿಡಿದಳು.

"ಬರೇ ಮಜ್ಜಿಗಿ," ಎಂದಳು. "ಏನೂ ಹಾಕಿಲ್ಲ."

ಹುಲುಗೇಶ ಲೋಟ ತೆಗೆದುಕೊಂಡ. ಕುಡಿಯಲಿಲ್ಲ. ಬೆಳಕಿಗೆ ವಾಲಿಸಿ ಮೆಲ್ಲಗೆ ಅಲ್ಲಾಡಿಸಿ ತಳ ನೋಡಿದ. ಬೇಕೆಂದು ನೋಡಿದನೋ, ಎಂಟು ತಿಂಗಳ ರೂಢಿಗೆ ಕೈ ತಾನೇ ಅಲ್ಲಾಡಿತೋ. ಗಾಳೆಮ್ಮ ಕೈ ಚಾಚಿ ಲೋಟ ತಿರುಗಿ ತೆಗೆದುಕೊಂಡು, ಅವನು ನೋಡುತ್ತಿದ್ದಂತೆ ಎರಡು ಗುಟುಕು ಕುಡಿದು, ಮತ್ತೆ ಅವನ ಕೈಗೆ ಕೊಟ್ಟಳು. ಅವನ ಕಣ್ಣಲ್ಲಿ ನೀರು ಬಂತು. ಎಂಜಲು ಎನ್ನಲಿಲ್ಲ. ಎತ್ತಿ ಗಟಗಟ ಕುಡಿದ. ಕುಡಿದು, ತಳದಲ್ಲಿ ಒಂದು ಗುಟುಕು ಉಳಿಸಿ, ಲೋಟ ಕಟ್ಟೆಯ ಮೇಲಿಟ್ಟ.

ರಮಾ ಚೀಟಿಗಳ ಕಟ್ಟು ಹಿಡಿದು ಹೊರಗೆ ಬಂದಳು. "ಬರ್ತೀವ್ರಿ ಅತ್ತಿ," ಎಂದಳು. ಹುಲುಗೇಶ ಆಟೋ ಹತ್ತಿ ಕೂತ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಕೆಂಪು ಧೂಳು ಎದ್ದು ಮೆಲ್ಲಗೆ ತುಳಸಿಯ ಮೇಲೆ ಕೂತಿತು.

ಅವಳು ಕಟ್ಟೆಯ ಮೇಲೆ, ಮಗ ಕೂತಿದ್ದ ಕಡೆ ಕೂತಳು. ಲೋಟ ಎತ್ತಿಕೊಂಡು ಉಳಿದ ಆ ಒಂದು ಗುಟುಕು ಕುಡಿದಳು. ಉಪ್ಪು ಹಾಕುವುದನ್ನೇ ಮರೆತಿದ್ದಳು.